ನೂರು ಮಕ್ಕಳ ಪಟ

ಕುಲಸಂಘದ ಅಧ್ಯಕ್ಷರಾದ ಸನ್ಮಾನ್ಯ ಚುವಾ ಬೂನ್ ತೆಕ್ ಅವರೇ, ವೇದಿಕೆಯ ಮೇಲಿರುವ ಹಿರಿಯರೇ, ಪೆನಾಂಗಿನಿಂದ ಬಸ್ಸು ಹತ್ತಿ ಬಂದ ಬಂಧುಗಳೇ, ಹಿಂದಿನ ಸಾಲಿನಲ್ಲಿ ಕುಳಿತು ಆಗಲೇ ಊಟದ ವಾಸನೆ ಹಿಡಿದಿರುವ ಮಕ್ಕಳೇ, ಎಲ್ಲ ಸಭಿಕರೇ,

ಸ್ವಲ್ಪದರಲ್ಲೇ ಮುಗಿಸಬೇಕೆಂದು ಅಧ್ಯಕ್ಷರು ನನಗೆ ಹೇಳಿದ್ದಾರೆ. ಅವರು ತೈಪಿಂಗ್ ಶಾಲೆಯಲ್ಲಿ ನನ್ನ ವಿದ್ಯಾರ್ಥಿಯಾಗಿದ್ದವರು. ಬೇಗ ಮುಗಿಸುವುದು ನನ್ನ ಅಭ್ಯಾಸವಲ್ಲವೆಂದು ಅವರಿಗೆ ಚೆನ್ನಾಗಿ ಗೊತ್ತು.

ನನ್ನ ಹಿಂದೆ ತೂಗುತ್ತಿರುವ ಈ ರೇಷ್ಮೆ ಪಟವನ್ನು ಇಂದು ನಮ್ಮ ಮನೆಯವರು ಸಂಘಕ್ಕೆ ಒಪ್ಪಿಸುತ್ತಿದ್ದೇವೆ. ಇದು ಚೀನಾದ ಚಾವ್‌ಝೌನಲ್ಲಿ, ಚಕ್ರವರ್ತಿಗಳ ಕಾಲದಲ್ಲಿ, ನಮ್ಮ ಆಮಾಳ ಅಜ್ಜಿಯ ಮದುವೆಗೆಂದು ಹೊಲಿದದ್ದು. ಆಮಾ ಎಂದರೆ ನನ್ನ ತಂದೆಯ ತಾಯಿ. ಒಳಗೆ ಹತ್ತಿ ತುಂಬಿ, ಮೇಲೆ ಚಿನ್ನದ ಜರಿ ಎಳೆದಿದ್ದಾರೆ. ಆದ್ದರಿಂದಲೇ ಈ ಮಕ್ಕಳ ಕೆನ್ನೆಗಳು ಉಬ್ಬಿಕೊಂಡಿವೆ. ಮೋಡಗಳ ನಡುವೆ ಬಾವಲಿಗಳಿವೆ, ಏಕೆಂದರೆ ನಮ್ಮ ಮಾತಿನಲ್ಲಿ ಬಾವಲಿಗೂ ಭಾಗ್ಯಕ್ಕೂ ಒಂದೇ ಉಚ್ಚಾರ. ದಾಳಿಂಬೆ ಬಿರಿದಿದೆ, ಅದರ ಬೀಜದಷ್ಟು ಸಂತಾನವಾಗಲಿ ಎಂದು. ಕೊಳದಲ್ಲಿ ಕಮಲವಿದೆ, ಅದರ ಹೆಸರು 'ಒಂದರ ಹಿಂದೊಂದು' ಎಂಬಂತೆಯೇ ಕೇಳಿಸುವುದರಿಂದ, ಸಾಲಾಗಿ ಗಂಡು ಹುಟ್ಟಲಿ ಎಂದು. ಇನ್ನು ಈ ನೂರು ಮಕ್ಕಳು! ಪಟಾಕಿ ಹೊಡೆಯುವವರು, ಗಾಳಿಪಟ ಹಾರಿಸುವವರು, ಕೊಳಲೂದುವವರು. ಎಲ್ಲರ ತಲೆಯೂ ಬೋಳು, ನೆತ್ತಿಯ ಮೇಲೊಂದು ಜುಟ್ಟು. ಎಲ್ಲರೂ ಗಂಡುಮಕ್ಕಳು. ಇದನ್ನು ಹೊಲಿದವರು ಹೆಂಗಸರೇ ಇರಬೇಕಲ್ಲವೆ? ಅವರಲ್ಲಿ ಒಬ್ಬಳ ಸೂಜಿಗಾದರೂ ಒಂದು ಹೆಣ್ಣುಮಗು ನೆನಪಾಗಲಿಲ್ಲವೆ? ಆಗಿರಬಹುದು. ಆದರೆ ಮದುವೆಯ ಪಟದಲ್ಲಿ ಅದಕ್ಕೆ ಜಾಗವಿರಲಿಲ್ಲ.

ಈ ಪಟದ ಕೆಳಗೆ ಮಲಗಿದ ಸೊಸೆಗೆ ಗಂಡು ಹುಟ್ಟುತ್ತದೆಂದು ಆಮಾ ನಂಬಿದ್ದರು. ನನ್ನ ತಾಯಿ ಪೆಕ್ ಹ್ವಾ ಮದುವೆಯಾಗಿ ಬಂದಾಗ ಅವರ ಮಂಚದ ಮೇಲ್ಗಡೆ ಇದನ್ನು ತೂಗುಹಾಕಿದರು. ತಾಯಿಯ ತವರಿನವರು ನಾಟಕದ ಮಂಡಳಿಗಳಿಗೆ ಉಡುಪು ಹೊಲಿಯುತ್ತಿದ್ದರು, ನಮ್ಮ ತಂದೆಯದು ಕ್ವಾಲಾ ಸೆಪೆತಾಂಗಿನಲ್ಲಿ ಇದ್ದಿಲು ಭಟ್ಟಿ. ತಂದೆಯ ಕೈ ಯಾವಾಗಲೂ ಕಪ್ಪಾಗಿರುತ್ತಿದ್ದುದರಿಂದ ಅವರು ಪಟವನ್ನು ಮುಟ್ಟುವಂತಿರಲಿಲ್ಲ.

ವರ್ಷಗಳು ಕಳೆದವು. ತೊಟ್ಟಿಲು ತೂಗಲಿಲ್ಲ. ಆಮಾ ಅಡುಗೆಮನೆಯ ಬಾಗಿಲಲ್ಲಿ ನಿಂತು, ನೆರೆಯವರಿಗೂ ಕೇಳುವ ಹಾಗೆ, "ಅಷ್ಟೊಂದು ಮಕ್ಕಳ ಕೆಳಗೆ ಮಲಗಿದ್ರೂ ಒಂದಾದ್ರೂ ನಿನ್ನ ಕಡೆ ಕಣ್ಣೆತ್ತಿ ನೋಡಲಿಲ್ಲವಲ್ಲೇ?" ಎನ್ನುತ್ತಿದ್ದರಂತೆ. ತಾಯಿ ಅಕ್ಕಿ ತೊಳೆಯುತ್ತಲೇ ಇರುತ್ತಿದ್ದರಂತೆ. ಆಮೇಲೆ ಆಮಾ ಪಟವನ್ನು ಇಳಿಸಿ ಕರ್ಪೂರದ ಮರದ ಪೆಟ್ಟಿಗೆಯಲ್ಲಿ ಮಡಿಸಿಟ್ಟರು. ಹೊಸವರ್ಷಕ್ಕೊಮ್ಮೆ, ಒಳಕೋಣೆಯ ಮಬ್ಬಿನಲ್ಲಿ, ಅದು ಹೊರಬರುತ್ತಿತ್ತು.

ಅಷ್ಟರಲ್ಲಿ ನಮ್ಮ ಪಂಚಾಂಗದ ಹುಲಿ ವರ್ಷ ಬಂತು. ಆ ವರ್ಷ ಹುಟ್ಟಿದ ಹೆಣ್ಣು ತಂದೆಯನ್ನು ತಿನ್ನುತ್ತಾಳೆಂದು ನಮ್ಮವರು ಹೇಳುತ್ತಿದ್ದರು. ನದೀಮುಖದ ಒಬ್ಬ ಮೀನುಗಾರನ ಮನೆಯಲ್ಲಿ ಅಂಥ ಒಂದು ಹೆಣ್ಣು ಹುಟ್ಟಿತು, ಯಾರಾದರೂ ತೆಗೆದುಕೊಂಡರೆ ಸಾಕೆಂದು ಅವರು ಕಾದಿದ್ದರು. ಆ ಹೆಣ್ಣು ನಾನೇ, ಖಿಮ್. ತಾಯಿ ನನ್ನನ್ನು ಬಟ್ಟೆಯಲ್ಲಿ ಸುತ್ತಿಕೊಂಡು ದೋಣಿಯಲ್ಲಿ ಮನೆಗೆ ತಂದರು.

"ಹುಲೀನ ತಂದು ಮನೇಲಿ ಕಟ್ಟಿಕೊಳ್ತೀಯಾ?" ಎಂದು ಆಮಾ ಕೂಗಾಡಿದರು.

ತಂದೆ ಭಟ್ಟಿಯಿಂದ ಆಗತಾನೇ ಬಂದಿದ್ದರು. ನನ್ನನ್ನು ಬಗ್ಗಿ ನೋಡಿ, "ಇರಲಿ ಬಿಡಮ್ಮ. ನಮ್ಮನೇಲಿ ಇಲಿ ಕಾಟ ಜಾಸ್ತಿ. ಬೆಕ್ಕಿನ ಜಾತೀದು ಒಂದಿರಲಿ," ಎಂದರು.

ಆ ಮನೆಯಲ್ಲಿ ನನಗೆ ಜಾಗ ಸಿಕ್ಕಿದ್ದು ಹೀಗೆ, ಒಂದು ತಮಾಷೆಯ ಮಾತಿನಿಂದ. ನನ್ನ ಹಿಂದೆ ಎಂಗ್ ಬಂದಳು, ಆಮೇಲೆ ಹುವಾಯ್. ಇಬ್ಬರೂ ಬೇರೆಯವರಿಗೆ ಬೇಡವಾದ ಹೆಣ್ಣುಗಳೇ.

ನನಗೆ ಇನ್ನೂ ಹಲ್ಲು ಬೀಳುವ ವಯಸ್ಸು. ಗಂಟಲು ಕಟ್ಟಿ, ಜ್ವರ ಏರಿ, ಉಸಿರಾಡುವುದೇ ಕಷ್ಟವಾಯಿತು. ನೆಂಟರ ಗಂಡುಮಕ್ಕಳಿಗೆ ಕಾಯಿಲೆಯಾದರೆ ಆಮಾ ಈ ಪಟವನ್ನು ಅವರ ಮೇಲೆ ಹೊದಿಸಿ ಪ್ರಾರ್ಥಿಸುವುದಿತ್ತು. ತಾಯಿ ಆಮಾಳ ಕಾಲು ಹಿಡಿದು, "ಅತ್ತೆ, ಒಂದ್ಸಲ ಇವಳಿಗೂ ಹೊದಿಸಿ," ಎಂದು ಬೇಡಿಕೊಂಡರು.

"ಅದು ಗಂಡುಮಕ್ಕಳ ಪಟ ಕಣೇ. ಇವಳ ಕಡೆಯವರು ಅಂತ ಅದರಲ್ಲಿ ಒಬ್ಬರಾದ್ರೂ ಇದ್ದಾರಾ? ಯಾರನ್ನ ಕರೆದು ಕೇಳಲಿ?"

ಈ ಮಾತು ನನಗೆ ಕೇಳಿಸಿತ್ತು. ಜ್ವರದಲ್ಲಿ ಎಲ್ಲವೂ ಮಸುಕಾಗಿತ್ತು, ಈ ಮಾತೊಂದು ಮಾತ್ರ ಸ್ಪಷ್ಟವಾಗಿತ್ತು. ತಂದೆ ನನ್ನನ್ನು ಇದ್ದಿಲು ಲಾರಿಯಲ್ಲಿ ಹಾಕಿಕೊಂಡು ತೈಪಿಂಗಿನ ಆಸ್ಪತ್ರೆಗೆ ಓಡಿದರು. ನಾನು ಬದುಕಿದೆ.

ಮನೆಗೆ ಹಿಂದಿರುಗಿದ ಮೇಲೆ ತಾಯಿ ಪೆಟ್ಟಿಗೆ ತೆರೆದರು. ಆಮಾ ಹಗಲುನಿದ್ದೆ ಮಾಡುವ ಹೊತ್ತು. ಮೂಲೆಯಲ್ಲಿ ಗಾಳಿಪಟ ಹಾರಿಸುತ್ತಿದ್ದ ಹುಡುಗನ ಜುಟ್ಟನ್ನು ಮೆಲ್ಲನೆ ಬಿಚ್ಚಿ, ಕಪ್ಪು ರೇಷ್ಮೆಯಲ್ಲಿ ಎರಡು ಜಡೆ ಹಾಕಿದರು. ಷರಾಯಿಯ ಮೇಲೆ ಕೆಂಪು ಲಂಗ ಹೊಲಿದರು. "ಇಗೋ, ಇನ್ಮೇಲೆ ನಿನ್ನ ಕಡೆಯೋಳು ಒಬ್ಬಳಿದ್ದಾಳೆ. ಯಾರಿಗೂ ಹೇಳಬೇಡ," ಎಂದರು. ಕೆಲವು ದಿನಗಳಲ್ಲೇ ಎಂಗ್, ಹುವಾಯ್ ಕೂಡ ಪಟ ಸೇರಿದರು. ಆಮಾಳ ಕಣ್ಣು ಮಂಜಾಗಿತ್ತು, ಒಳಕೋಣೆಯೂ ಕತ್ತಲೆ. ಹೊಸವರ್ಷಗಳು ಬಂದುಹೋದವು, ಯಾರೂ ಗಮನಿಸಲಿಲ್ಲ.

ಆದರೆ ಆಮಾಳಿಗೆ ಎಪ್ಪತ್ತಾದಾಗ ಪಟವನ್ನು ಹೊರಗಿನ ಹಜಾರದಲ್ಲಿ, ಹಾಡುಹಗಲಿನ ಬೆಳಕಿನಲ್ಲಿ ತೂಗುಹಾಕಬೇಕೆಂದು ಅವರೇ ಅಪ್ಪಣೆ ಮಾಡಿದರು. ಬೇಡವೆನ್ನಲು ತಾಯಿ ಎಷ್ಟು ನೆಪ ಹೇಳಿದರು! ನುಸಿ ಹಿಡಿದಿದೆ ಎಂದರು, ಸಾಂಬ್ರಾಣಿ ಹೊಗೆಗೆ ಜರಿ ಕಪ್ಪಾಗುತ್ತದೆ ಎಂದರು. ಆಮಾ ಕೇಳಲಿಲ್ಲ. ಅಂದು ನೆಂಟರೆಲ್ಲ ದೀರ್ಘಾಯುಷ್ಯದ ಶಾವಿಗೆ ತಿನ್ನುತ್ತಿದ್ದರು. ತಾಯಿ ಬಟ್ಟಲು ಹಂಚುತ್ತಿದ್ದರು. ಇಪೋದಿಂದ ಬಂದಿದ್ದ ಆಮಾಳ ನಾದಿನಿ ಪಟದ ಮುಂದೆ ನಿಂತು ಜೋರಾಗಿ ನಕ್ಕರು.

"ಏನು ಅತ್ತಿಗೆ ಇದು? ನಿಮ್ಮ ನೂರು ಗಂಡುಮಕ್ಕಳ ಮಧ್ಯೆ ಹುಡುಗೀರು ನುಗ್ಗಿಬಿಟ್ಟಿದ್ದಾರಲ್ಲ!"

ಆಮಾ ಕುರ್ಚಿಯಿಂದೆದ್ದು ಪಟಕ್ಕೆ ಮೂಗು ತಾಗುವಷ್ಟು ಹತ್ತಿರ ಹೋದರು. ಬೆರಳಿನಿಂದ ತಡವಿದರು. "ಇದು ಯಾರು?" ಎಂದು ಕೇಳಿದರು.

"ಖಿಮ್, ಅತ್ತೆ," ಎಂದರು ತಾಯಿ.

"ಇದು?"

"ಎಂಗ್. ಅಲ್ಲಿ ಕೊಳದ ಹತ್ತಿರ ಇರೋದು ಹುವಾಯ್."

ಪಟವನ್ನು ಹರಿದು ಎಸೆಯುತ್ತಾರೆಂದು ನಾವು ಮೂವರೂ ಬಾಗಿಲ ಹಿಂದೆ ಒಬ್ಬರನ್ನೊಬ್ಬರು ಹಿಡಿದುಕೊಂಡಿದ್ದೆವು. ಆಮಾ ಎಂಗಳ ಜಡೆಯನ್ನು ಉಗುರಿನಿಂದ ಎತ್ತಿ ನೋಡಿದರು. ಆಮೇಲೆ ನಾದಿನಿಯ ಕಡೆ ತಿರುಗಿ, "ಎಂಗಳ ಜಡೆ ಸಡಿಲ ಆಗಿದೆ. ಸರಿಯಾಗೇ ಇದೆ ಬಿಡು, ಒಂದು ದಿನ ಆದ್ರೂ ಅವಳ ಜಡೆ ನೆಟ್ಟಗೆ ನಿಂತಿದೆಯಾ? ನಮ್ಮನೆ ಹುಡುಗೀರು ನಮ್ಮನೆ ಪಟದಲ್ಲಿ ಇರದೆ ನಿಮ್ಮನೆ ಪಟದಲ್ಲಿ ಇರ್ತಾರಾ? ಶಾವಿಗೆ ಆರಿಹೋಗುತ್ತೆ, ತಿನ್ನು ಹೋಗು," ಎಂದರು.

ಆಮಾ ಬದಲಾದರೆಂದು ನೀವು ಭಾವಿಸಬೇಡಿ. ನೆಂಟರು ಹೊರಟ ಮೇಲೆ ಒಂದು ವಾರ ತಾಯಿಯೊಡನೆ ಮಾತೇ ಆಡಲಿಲ್ಲ. ಆಮೇಲೆ ಅಡುಗೆಗೆ ಉಪ್ಪು ಹೆಚ್ಚು, ನೆಲಕ್ಕೆ ನೀರು ಕಡಿಮೆ ಎಂಬ ಬೈಗುಳ, ಎಲ್ಲ ಮೊದಲಿನಂತೆಯೇ. ಹಾಗಾದರೆ ಅಂದು ನಮ್ಮ ಪರವಾಗಿ ಏಕೆ ನಿಂತರು? ಅದು ನನಗೆ ಗೊತ್ತಾದದ್ದು ಬಹಳ ಕಾಲದ ಮೇಲೆ.

ಆಗ ನಾನು ಶಿಕ್ಷಕರ ತರಬೇತಿಯಲ್ಲಿದ್ದೆ, ರಜೆಗೆ ಬಂದಿದ್ದೆ. ಆಮಾಳಿಗೆ ಲಕ್ವ ಹೊಡೆದು ಎಡಭಾಗ ಬಿದ್ದುಹೋಗಿತ್ತು. ತಾಯಿಯೇ ಅವರನ್ನು ಮೀಯಿಸಿ, ಗಂಜಿ ಕುಡಿಸುತ್ತಿದ್ದರು. ಒಂದು ಮಧ್ಯಾಹ್ನ ಆಮಾ ಪಟ ತರಿಸಿ ಎದೆಯ ಮೇಲೆ ಹರಡಿಸಿಕೊಂಡರು. ಬಲಗೈಯಿಂದ ಅದರಲ್ಲಿದ್ದ ನಮ್ಮ ಮೂವರನ್ನೂ ಹುಡುಕಿ ಮುಟ್ಟಿದರು.

"ಪೆಕ್ ಹ್ವಾ, ಇನ್ನೊಬ್ಬಳನ್ನ ಮಾಡಬೇಕು."

"ಯಾರನ್ನ ಅತ್ತೆ?"

"ಲುವಾನ್ ಅಂತ. ನನ್ನ ಮಗಳು, ನಿನ್ನ ಗಂಡನಿಗಿಂತ ದೊಡ್ಡೋಳು." ಆಮಾ ಒಂದೊಂದೇ ಮಾತನ್ನು ಎಳೆದೆಳೆದು ಹೇಳಿದರು. "ನಿಮ್ಮ ಮಾವ ಮೊದಲೇ ಈ ದೇಶಕ್ಕೆ ಬಂದಿದ್ರು. ನಾನು ಆಮೇಲೆ ಹೊರಟೆ. ಆಗ ನಿನ್ನ ಗಂಡ ಹೊಟ್ಟೇಲಿದ್ದ. ಬಂದರಿನಲ್ಲಿ ಎಲ್ಲರೂ ಅಂದ್ರು, ಹೊಟ್ಟೇಲಿರೋದು ಗಂಡು, ಅದನ್ನ ಉಳಿಸಿಕೋ, ಹಡಗಿನಲ್ಲಿ ಚಿಕ್ಕ ಮಕ್ಕಳು ಉಳಿಯಲ್ಲ ಅಂತ. ಲುವಾನ್‌ನ ಉಪ್ಪಿನ ವ್ಯಾಪಾರದ ಹೆಂಗಸೊಬ್ಬಳ ಕೈಲಿ ಕೊಟ್ಟೆ. ಮಗು ನನ್ನ ಬೆರಳು ಬಿಡಲಿಲ್ಲ. ಬಿಡಿಸಿಕೊಂಡೆ. ಈ ಪಟ ಮಾತ್ರ ತಂದೆ."

ತಾಯಿ ಏನು ಹೇಳಬಹುದಿತ್ತು? ಅಷ್ಟು ವರ್ಷ ಬಂಜೆ ಎಂದು ಕೇಳಿಸಿಕೊಂಡವರು, ಹುಲಿ ತಂದವಳು ಎಂದು ಕೇಳಿಸಿಕೊಂಡವರು ಏನು ಬೇಕಾದರೂ ಹೇಳಬಹುದಿತ್ತು. ಅವರು ಸೂಜಿಗೆ ನೂಲು ಪೋಣಿಸಿಕೊಂಡು, "ಎಲ್ಲಿ ನಿಲ್ಲಿಸಲಿ ಅತ್ತೆ?" ಎಂದು ಕೇಳಿದರು.

"ದಾಳಿಂಬೆ ಮರದ ಕೆಳಗೆ," ಎಂದರು ಆಮಾ. "ನೆರಳಿರೋ ಕಡೆ. ಅವತ್ತು ಬಿಸಿಲು ತುಂಬಾ ಇತ್ತು."

ತನಗೊಬ್ಬಳು ಅಕ್ಕನಿದ್ದಳೆಂದು ತಂದೆಗೆ ತಿಳಿದದ್ದು ಅಂದು ಸಂಜೆ. ಅವರು ಬಾವಿಯ ಕಟ್ಟೆಯ ಮೇಲೆ ಕುಳಿತು ಕೈಗಳನ್ನು ತೆಂಗಿನ ನಾರಿನಿಂದ ಚರ್ಮ ಕೆಂಪಾಗುವಷ್ಟು ಉಜ್ಜಿ ತೊಳೆದರು. ಆಮೇಲೆ ಒಳಗೆ ಬಂದು, ಜೀವನದಲ್ಲಿ ಮೊದಲ ಸಲ ಪಟವನ್ನು ಮುಟ್ಟಿದರು.

ಸಭಿಕರೇ, ಕ್ವಾಲಾಲಂಪುರದಿಂದ ಬಂದ ಹಳೆಯ ಕಸೂತಿಗಳ ತಜ್ಞೆ ಶ್ರೀಮತಿ ರೊಸ್ಮಾವಾತಿಯವರು ಪಟವನ್ನು ಬಹಳ ಪ್ರೀತಿಯಿಂದ ಪರೀಕ್ಷಿಸಿದರು. ನಾಲ್ಕು ಆಕೃತಿಗಳು ಆಮೇಲಿನ ಕಾಲದ ಕೈಕೆಲಸವೆಂದು ಅವರು ಹೇಳಿದ್ದು ಸರಿ. ಬಿಚ್ಚಿದರೆ ಹಳೆಯ ಹೊಲಿಗೆಯ ಗುರುತು ಹಿಡಿದು ಮೊದಲಿನಂತೆ ಮಾಡಬಹುದೆಂದೂ ಹೇಳಿದರು, ಅದೂ ನಿಜ. ಪಟ ಮೂಲದಂತೆಯೇ ಇದ್ದರೆ ಚೆಂದವೆಂದು ಸಮಿತಿಯ ಕೆಲವು ಹಿರಿಯರು ಬಯಸಿದ್ದಾರೆ, ನನ್ನ ಒಪ್ಪಿಗೆ ಕೇಳಿದ್ದಾರೆ. ಈ ಭವನದ ಗೋಡೆಗಳ ಮೇಲೆ ನಮ್ಮ ಪೂರ್ವಜರ ಹೆಸರುಗಳಿವೆ, ಅವುಗಳಲ್ಲಿ ಹೆಣ್ಣಿನ ಹೆಸರು ಒಂದೂ ಇಲ್ಲ. ಅದರ ಬಗ್ಗೆ ನಾನು ಇಂದು ಜಗಳಕ್ಕೆ ಬಂದಿಲ್ಲ. ನನ್ನದು ಒಂದೇ ಮಾತು. ಈ ಪಟವನ್ನು ಇರುವ ಹಾಗೆಯೇ ಇಡುವಿರಾದರೆ ಇದು ನಿಮ್ಮದು. ಇಲ್ಲವಾದರೆ ಹುವಾಯ್ ಮುಂದಿನ ಸಾಲಿನಲ್ಲೇ ಕುಳಿತಿದ್ದಾಳೆ. ನಾವಿಬ್ಬರೂ ಸೇರಿ ಈಗಲೇ ಮಡಿಸಿ ಮನೆಗೆ ಒಯ್ಯುತ್ತೇವೆ.

ಅಧ್ಯಕ್ಷರು ತಲೆಯಾಡಿಸುತ್ತಿದ್ದಾರೆ. ಹೌದೋ ಅಲ್ಲವೋ, ಬೂನ್ ತೆಕ್? ಹೌದು ಎಂದರು. ಎಲ್ಲರೂ ಕೇಳಿಸಿಕೊಂಡಿರಿ.

ಹಾಗಾದರೆ ಪಟವನ್ನು ಒಪ್ಪಿಸುವ ಮೊದಲು ಅದರಲ್ಲಿರುವ ನಮ್ಮವರನ್ನು ನಿಮಗೆ ಪರಿಚಯಿಸುತ್ತೇನೆ. ಗಾಳಿಪಟ ಹಿಡಿದವಳು ಚುವಾ ಸಿಯೋಕ್ ಖಿಮ್, ನಿಮ್ಮ ಮುಂದೆ ನಿಂತಿದ್ದಾಳೆ. ಸಡಿಲ ಜಡೆಯವಳು ಚುವಾ ಸಿಯೋಕ್ ಎಂಗ್, ಹೋದ ವರ್ಷ ತೀರಿಕೊಂಡಳು. ಕೊಳದ ಹತ್ತಿರ ಇರುವವಳು ಚುವಾ ಸಿಯೋಕ್ ಹುವಾಯ್. ದಾಳಿಂಬೆಯ ನೆರಳಿನಲ್ಲಿ ನಿಂತಿರುವವಳು ಚುವಾ ಲುವಾನ್, ನಮ್ಮ ಸೋದರತ್ತೆ. ಅವರನ್ನು ನಾವು ಯಾರೂ ನೋಡಲಿಲ್ಲ.

ಇಷ್ಟು ಹೊತ್ತು ಸಹನೆಯಿಂದ ಕೇಳಿದ ನಿಮಗೆಲ್ಲ ನಾನು ಋಣಿ. ನಮಸ್ಕಾರ.