ಷಡ್ಡಕನ ಜೀಪಿನ ಕಳ್ಳದೀಪ

ಕರೆಂಟಿಗೂ ವಾಸನೆ ಇರುತ್ತೆ. ನಗಬೇಡಿ. ನಾನು ಗಾಡಿಗಳ ವೈರಿಂಗ್ ಕೆಲಸ ಮಾಡುತ್ತಿದ್ದ ಕಾಲದಲ್ಲಿ ಕಣ್ಣಿಗೆ ಬಟ್ಟೆ ಕಟ್ಟಿ ಮೂಗಿನ ಮುಂದೆ ಒಂದು ವೈರು ಹಿಡಿದರೆ ಸಾಕಿತ್ತು. ಇದು ಹಾರನ್ನಿನದು, ಇದು ಬ್ರೇಕ್ ಲೈಟಿನದು, ಇದು ಯಾವನೋ ದಡ್ಡ ಉಲ್ಟಾ ಜೋಡಿಸಿದ್ದು ಅಂತ ಹೇಳಿಬಿಡುತ್ತಿದ್ದೆ. ಒಂದು ಸಲ ಫೈರ್ ಇಂಜಿನ್ನಿನ ಗಂಟೆ ಕೆಟ್ಟು ನಿಂತಾಗ ಬೀದಿಯ ಈ ತುದಿಯಿಂದಲೇ ಮೂಸಿ, ಎಡಗಡೆ ಫ್ಯೂಸು ನೋಡ್ರಪ್ಪ ಅಂದಿದ್ದೆ. ನೋಡಿದವರು ಯಾರು ಅಂತೀರಾ? ನನಗೆ ಕೆಲಸ ಕಲಿಸಿದ ಮೇಸ್ತ್ರಿ ನೋಡಿದ್ದ, ಸತ್ತ. ಫೈರ್ ಇಂಜಿನ್ ಡ್ರೈವರ್ ನೋಡಿದ್ದ, ಅವನೂ ಸತ್ತ. ಎದುರಂಗಡಿಯ ಕ್ಷೌರದವನು ನೋಡಿದ್ದ. ಅವನು ಬದುಕಿದ್ದಾನೆ, ಆದರೆ ಅವನಿಗೆ ಈಗ ಸ್ವಂತ ಹೆಂಡತಿಯ ಗುರುತೇ ಸಿಗಲ್ಲ. ಹಾಗಾಗಿ ನನ್ನ ಮಾತನ್ನೇ ನಂಬಬೇಕು.

ಮೊನ್ನೆ ರಾತ್ರಿ ಕರೆಂಟು ಹೋಗಿತ್ತು. ನಾನೂ ಪಕ್ಕದ ಮನೆ ದರ್ಜಿಯೂ ಮೆಟ್ಟಿಲ ಮೇಲೆ ಕೂತು, ಮೇಲೆ ಹೇಳಿದ ಫೈರ್ ಇಂಜಿನ್ನಿನ ಸಂಗತಿಯನ್ನೇ ಮಾತಾಡುತ್ತಿದ್ದೆವು. ಅಂದರೆ ನಾನು ಮಾತಾಡುತ್ತಿದ್ದೆ, ಅವನು ಆಕಳಿಸುತ್ತಿದ್ದ. ಆಗ ಸೊಸೆ ಪ್ಯಾಕಿಂಗ್ ಫ್ಯಾಕ್ಟರಿಯ ಕೊನೆಯ ಪಾಳಿ ಮುಗಿಸಿ ನಡೆದು ಬಂದಳು. ಮೆಟ್ಟಿಲು ಹತ್ತಿ ನನ್ನ ಪಕ್ಕದಲ್ಲಿ ಉಸ್ಸಪ್ಪಾ ಅಂತ ಕೂತಳು.

ನಾನು ಮಾತು ನಿಲ್ಲಿಸಿದೆ.

"ಬಾವಿ ರಸ್ತೇಲಿ ಬಂದ್ಯಾ?"

"ಹೂಂ ಮಾವ. ಅದೇ ಹತ್ರ ಅಲ್ವಾ."

"ಅಲ್ಲಿ ನಿಂತಿದ್ಯಾ?"

"ಚಪ್ಪಲಿ ಬಾರು ಕಿತ್ತುಹೋಯ್ತು. ಪಿನ್ನು ಹಾಕ್ಕೊಳ್ಳೋಕೆ ಕಟ್ಟೆ ಮೇಲೆ ಒಂದು ಗಳಿಗೆ ಕೂತಿದ್ದೆ. ಯಾಕೆ?"

"ಯಾರಾದ್ರೂ ಮಾತಾಡಿಸಿದ್ರಾ?"

"ಅಷ್ಟೊತ್ತಲ್ಲಿ ಯಾರಿರ್ತಾರೆ ಮಾವ."

ದರ್ಜಿ ನಕ್ಕ. "ಶುರುವಾಯ್ತು ನೋಡಮ್ಮ. ಇನ್ನು ಕರೆಂಟು ಬರೋವರೆಗೂ ನಿಲ್ಲಲ್ಲ."

ನಿಲ್ಲಲಿಲ್ಲ. ಹೇಳಿದೆ. ಹೇಳಿದ್ದನ್ನೇ ಇಲ್ಲಿ ಬರೆದಿದ್ದೇನೆ.

ನನಗೊಬ್ಬ ಷಡ್ಡಕ ಇದ್ದ, ನನ್ನ ಹೆಂಡತಿಯ ತಂಗಿಯ ಗಂಡ. ಸಿಮೆಂಟ್ ಅಂಗಡಿ ಇಟ್ಟಿದ್ದ. ಅವನ ಠೀವಿ ನೋಡಿ ಎಲ್ಲರೂ ದೊರೆ ಅನ್ನುತ್ತಿದ್ದರು. ಅವರು ನಗಾಡುವುದಕ್ಕೆ ಅಂದದ್ದನ್ನು ಇವನು ನಿಜವೇ ಅಂದುಕೊಂಡ. ಬೆಟ್ಟ ಹತ್ತಿಸೋಕೆ, ಕೆಸರು, ಹಳ್ಳ ದಾಟಿಸೋಕೆ ಅಂತ ಒಂದು ಹಳೇ ಜೀಪು ತಂದ. ತಂದು ನನ್ನ ಶೆಡ್ಡಿನ ಮುಂದೆ ನಿಲ್ಲಿಸಿ, ಬಾನೆಟ್ಟು ತಟ್ಟಿ, ದನಿ ತಗ್ಗಿಸಿ ಹೇಳಿದ:

"ಅಣ್ಣ, ಇದಕ್ಕೊಂದು ಕಳ್ಳದೀಪ ಬೇಕು."

"ಅಂದ್ರೆ?"

"ಉರಿದ್ರೆ ದೂರದವರಿಗೂ ಕಾಣ್ಬೇಕು. ಆರಿದ್ರೆ ಪಕ್ಕದಲ್ಲಿ ನಿಂತವನಿಗೂ ಕಾಣಬಾರ್ದು. ಕಾಡುದಾರೀಲಿ ಗಾಡಿ ಹೂತ್ಕೊಂಡ್ರೆ, ಯಾರಿಗಾದ್ರೂ ಪೆಟ್ಟಾದ್ರೆ, ಹಿಂದೆ ಬರೋರಿಗೆ ಎಚ್ಚರಿಕೆ. ಅಷ್ಟೇ."

ಒಳ್ಳೆಯ ಕೆಲಸವೇ. ಸೀಮೆಸುಣ್ಣದಲ್ಲಿ ಬಾನೆಟ್ಟಿನ ಮೇಲೇ ಗೆರೆ ಎಳೆದೆ. ಮುಂದಿನ ಜಾಲರಿಯ ಪಟ್ಟಿಗಳ ಹಿಂದೆ ಎರಡು ದೀಪ, ಹಿಂದೆ ಸ್ಟೆಪ್ನಿಯ ನಡುವಿನ ತೂತಿನಲ್ಲಿ ಒಂದು. ಮೇಲೆ ಕೂರಿಸಿದರೆ ಕೊಂಬೆ ತಗುಲಿ ಮುರಿಯುತ್ತೆ, ಕಂಡವರೆಲ್ಲ ಏನು ಎತ್ತ ಅಂತ ಕೇಳುತ್ತಾರೆ. ಸ್ವಿಚ್ಚು ಎಲ್ಲಿ? ಬೂದಿ ಕೊಡವುವ ಡಬ್ಬಿಯ ಹಿಂದೆ. ಎಲ್ಲ ಒಪ್ಪಿದ. ಬಣ್ಣಕ್ಕೆ ಬಂದಾಗ ಜಗಳ.

"ಹಳದಿ ಹಾಕೋಣ," ಅಂದೆ. "ಕೆಟ್ಟು ನಿಂತ ಗಾಡಿಗೆ ಹಳದಿನೇ ಸರಿ. ಕೆಂಪು ಆಂಬುಲೆನ್ಸಿನವರದು. ನಿನಗಲ್ಲ."

"ಹಳದಿ ನೋಡಿ ಯಾರಣ್ಣ ದಾರಿ ಬಿಡ್ತಾರೆ? ಜೀಪಿಗೆ ಕಾಮಾಲೆ ಬಂದ ಹಾಗಿರುತ್ತೆ. ಕೆಂಪು ಹಾಕು."

"ನಿಂಗೆ ಬೇಕಿರೋದು ಎಚ್ಚರಿಸೋಕಾ, ದಾರಿ ಬಿಡಿಸೋಕಾ?"

"ಎರಡೂ ಒಂದೇ ತಾನೇ."

ಒಂದೇ ಅಲ್ಲ. ಆದರೂ ಹಾಕಿದೆ. ಕೆಂಪು ಗಾಜಿಗೆ ತೆಳ್ಳಗೆ ಮಸಿ ಹಿಡಿಸಿದೆ. ಆರಿದಾಗ ಕಪ್ಪು, ಉರಿದಾಗ ಕೆಂಡ. ನೀರು ಹೋಗದ ಹಾಗೆ ಸುತ್ತ ಅರಗು ಸುರಿದು ಮುಚ್ಚಿದೆ. ಸಂಜೆ ಅವನನ್ನು ಮುಂದೆ ನಿಲ್ಲಿಸಿ, ಕಾಣುತ್ತಾ ಅಂದೆ. ಇಲ್ಲ ಅಂದ. ಸ್ವಿಚ್ಚು ಒತ್ತಿದೆ. ಒಳಗೆ ಫ್ಲಾಷರ್ ಶಬ್ದ... ಟಿಕ್... ಟಿಕ್... ಅವನ ಮುಖ ಒಮ್ಮೆ ಕೆಂಪು, ಒಮ್ಮೆ ಇಲ್ಲ. ಅಂಥ ಕೆಲಸ ಮಾಡಿದವನು ಈ ಊರಲ್ಲಿ ಇನ್ನೊಬ್ಬನಿಲ್ಲ, ಅದು ಬೇರೆ ಮಾತು.

ಆ ದೀಪ ಕಾಡಿಗೆ ಹೋಗಲೇ ಇಲ್ಲ. ಸೇತುವೆಯಲ್ಲಿ ಗಾಡಿಗಳು ಸಾಲುಗಟ್ಟಿದ್ದರೆ ಹೊತ್ತಿಸುವುದು. ಎಲ್ಲರೂ ಗಾಬರಿಯಾಗಿ ಚರಂಡಿಗೆ ಚಕ್ರ ಇಳಿಸಿ ದಾರಿ ಬಿಡುವುದು. ಇವನು ಸೊಯ್ಯನೆ ಹೋಗಿ ಇಸ್ಪೀಟು ಕ್ಲಬ್ಬಿನ ಮುಂದೆ ನಿಲ್ಲಿಸುವುದು. ಯಾರ ಜೀವ ಉಳಿಸೋಕೆ? ರಾಣಿ, ಗುಲಾಮರ ಜೀವ ಉಳಿಸೋಕೆ. ಥೂ. ಅದನ್ನ ನನ್ನೆದುರೇ ಹೇಳಿಕೊಂಡು ಹಲ್ಲು ಕಿರಿಯುತ್ತಿದ್ದ. ಆ ಹಲ್ಲಿನ ಸಂದಿಯಲ್ಲಿ ಯಾವಾಗಲೂ ಏನಾದರೊಂದು ಸಿಕ್ಕಿಕೊಂಡಿರುತ್ತಿತ್ತು.

ಒಂದು ರಾತ್ರಿ ಹಾಲಿನ ಲಾರಿಯವನು ಬಾವಿಯ ಹತ್ತಿರ ಬರುತ್ತಿದ್ದಾನೆ. ಬಾವಿ ಕಟ್ಟೆ ಮೇಲೆ ಒಬ್ಬ ಕಲ್ಲುಕುಟಿಗ ಎದೆ ಹಿಡಿದುಕೊಂಡು ಮಲಗಿದ್ದಾನೆ. ಪಕ್ಕದಲ್ಲಿ ಹೆಂಡತಿ. ಆಸ್ಪತ್ರೆಗೆ ನಡೆಸಿಕೊಂಡು ಹೊರಟಿದ್ದಳು, ಬಾವಿ ಹತ್ತಿರ ಬರುವಷ್ಟರಲ್ಲಿ ಗಂಡನಿಗೆ ಮುಂದೆ ಹೆಜ್ಜೆ ಇಡಲಾಗಲಿಲ್ಲ. ಲಾರಿಯವನು ಇಳಿದು, ಎತ್ತಿ ಹಾಕ್ಕೊಳ್ಳೋಣಮ್ಮ, ಕ್ಯಾನು ಸರಿಸ್ತೀನಿ ಅಂದ. ಅಷ್ಟರಲ್ಲಿ ತಿರುವಿನಲ್ಲಿ ಕೆಂಪು ದೀಪ... ಹೊತ್ತಿ ಆರಿ, ಹೊತ್ತಿ ಆರಿ.

"ಬಂತಲ್ಲ ಆಸ್ಪತ್ರೆ ಗಾಡಿ," ಅಂದಳಂತೆ ಅವಳು. "ನೀವು ಹೋಗಿಯಣ್ಣ. ಹಾಲು ಕೆಡುತ್ತೆ."

ಲಾರಿ ಹೋಯಿತು. ಅವಳು ರಸ್ತೆಗೆ ಬಂದು ಎರಡೂ ಕೈ ಎತ್ತಿದಳು. ದೊರೆ ಜೀಪನ್ನು ಪಕ್ಕಕ್ಕೆ ತಿರುಗಿಸಿಕೊಂಡು ಹೋದ. ನಿಲ್ಲಿಸಲಿಲ್ಲ.

ಗಾಡಿ ತಿರುಗಿಸ್ಕೊಂಡು ಬರ್ತಾರೆ ಅಂತ ಅವಳು ಕಾದಿರಬೇಕು. ಬೆಳಿಗ್ಗೆ ಅದೇ ಲಾರಿಯವನು ವಾಪಸ್ ಬಂದಾಗ ಕಟ್ಟೆ ಮೇಲೆ ಗಂಡನ ಹೆಣ ಇತ್ತು. ಅವಳಿರಲಿಲ್ಲ. ಬಾವಿ ಬಾಯಿಯ ಹತ್ತಿರ ಒಂದು ಚಪ್ಪಲಿ ಇತ್ತು. ಒಂದೇ. ಬಾವಿಗೆ ಕೊಕ್ಕೆಗಳ ಪಾತಾಳಗರಡಿ ಬಿಟ್ಟು ಹುಡುಕಿದರು. ಬರೀ ಕೆಸರು ಬಂತು.

ಈ ಸುದ್ದಿಯನ್ನು ನಾನೇ ಹೋಗಿ ಹೇಳಿದೆ. ದೊರೆ ಊಟ ಮಾಡುತ್ತಿದ್ದ. ತುತ್ತು ನಿಲ್ಲಲಿಲ್ಲ.

"ನಾನೇನು ಆಸ್ಪತ್ರೆಯವನಾ ಅಣ್ಣ? ದೀಪ ನೋಡಿ ಮೋಸ ಹೋದ್ರೆ ಅವರ ಹಣೆಬರಹ."

ಹೇಳಿ, ಬೆರಳು ಚೀಪಿದ. ನಾನು ಎದ್ದು ಬಂದೆ. ಅವರ ಮನೆಯಲ್ಲಿ ಆವತ್ತು ನೀರು ಕೂಡ ಕುಡಿಯಲಿಲ್ಲ.

ಕೆಲವು ದಿನ ಕಳೆಯಿತು. ಕ್ಲಬ್ಬಿನಿಂದ ಬರುವಾಗ ಜೀಪಿನಲ್ಲಿ ಪೆಟ್ರೋಲ್ ಮುಗಿದು ದೊರೆ ನಡೆದು ಬಂದ. ಬಾವಿಯ ಹತ್ತಿರ ಬಂದಾಗ ಕಪ್ಪೆಗಳು ಗಕ್ಕನೆ ನಿಂತವಂತೆ. ಆಮೇಲೆ ಬಾವಿಯೊಳಗೆ ಒಂದು ಹನಿ... ತೊಟ್. ಇನ್ನೊಂದು... ತೊಟ್. ಆಮೇಲೆ ಕಿವಿಯ ಹತ್ತಿರವೇ, ಹೆಂಗಸಿನ ಪಿಸುದನಿಯಲ್ಲಿ:

"ಹೊತ್ಕೊಂಡ್... ಬಾ..."

ಓಡಿದ. ಮಾರನೆಯ ದಿನ ಅವನ ತಲೆಗೆ ಹೊಳೆದದ್ದು ಏನು ಗೊತ್ತಾ? ದೀಪ ಹೊತ್ಕೊಂಡು ಬಾ ಅಂತಿದ್ದಾಳೆ, ಅವಳಿಗೆ ಆ ಕೆಂಪು ದೀಪ ನೋಡ್ಬೇಕು ಅಂತ. ತನ್ನ ದೀಪದ ಮೇಲೆ ಅಷ್ಟು ವ್ಯಾಮೋಹ. ರಾತ್ರಿ ದೀಪ ಹೊತ್ತಿಸಿಕೊಂಡು ಬಾವಿಯ ಮುಂದೆ ಮೆಲ್ಲಗೆ ಹೋದ. ನೋಡ್ಕೋ ಅನ್ನೋ ಹಾಗೆ. ಮನೆಗೆ ಬಂದು ಸ್ವಿಚ್ಚು ಒತ್ತಿದರೆ ದೀಪ ಆರಲಿಲ್ಲ.

ನನ್ನನ್ನು ಕರೆದರು. ಸ್ವಿಚ್ಚು ಬಿಚ್ಚಿದೆ. ಟಿಕ್... ಟಿಕ್... ವೈರು ಕತ್ತರಿಸಿದೆ. ಟಿಕ್... ಟಿಕ್... ಬ್ಯಾಟರಿಯನ್ನೇ ಎತ್ತಿ ನೆಲಕ್ಕಿಟ್ಟೆ. ಜಾಲರಿಯ ಹಿಂದೆ ಆ ಕೆಂಪು ಹಾಗೇ ಉಸಿರಾಡುತ್ತಿತ್ತು. ಆಗಲೇ ನನ್ನ ಮೂಗಿಗೆ ಬಂದದ್ದು. ಕರೆಂಟಿನದಲ್ಲ. ಬಾವಿ ತಳದ ಕೆಸರು, ಕೊಳೆತ ಎಲೆ, ಒಣಗದ ಬಟ್ಟೆ ಗಂಟು ಕಟ್ಟಿಟ್ಟ ಮುಗ್ಗುಲು, ಅದರೊಳಗೆ ಇನ್ನೇನೋ ಸಿಹಿ. ಆ ಸಿಹಿಯೇ ಹೇಸಿಗೆ. ಗೋಡೆ ಹಿಡಿದು ಕಕ್ಕಿದೆ.

ದೊರೆಗೆ ಅದು ಅನ್ನದಲ್ಲೂ ಬರತೊಡಗಿತು. ತುತ್ತು ಬಾಯಿಗಿಟ್ಟರೆ ಅದೇ ವಾಸನೆ, ನೀರು ಎತ್ತಿದರೆ ಅದೇ. ಏನೂ ಒಳಗೆ ನಿಲ್ಲಲಿಲ್ಲ. ಕೆನ್ನೆ ಒಳಕ್ಕೆ ಹೋಯಿತು, ಉಂಗುರ ಬೆರಳಿಂದ ಜಾರಿತು. ಡಾಕ್ಟರು ಕೈಚೆಲ್ಲಿದರು. ಹೀಗೇ ಬಿಟ್ಟರೆ ಹೋಗಿಬಿಡ್ತಾರೆ ಭಾವ ಅಂತ ನನ್ನ ಹೆಂಡತಿಯ ತಂಗಿ ಬಂದು ನಿಂತಳು. ಅವನಿಗಾಗಿ ಅಲ್ಲ, ಅವಳ ಮುಖ ನೋಡಿ ಹೋದೆ.

"ಸರಿಯಾಗಿ ಹೇಳು," ಅಂದೆ. "ಅವಳು ಅಂದದ್ದೇನು?"

"ಹೊತ್ಕೊಂಡ್ ಬಾ."

"ದೀಪ ಅಂದ್ಳಾ?"

"ದೀಪ ಅನ್ಲಿಲ್ಲ. ಅಷ್ಟೇ ಅಂದ್ಳು. ದೀಪ ಅಂತ ನಾನೇ..."

ಅವನ ಹೆಂಡತಿ ಬಿಂದಿಗೆ ಕೆಳಗಿಟ್ಟು ಅವನನ್ನೇ ನೋಡಿದಳು. "ಈ ಮನೆಗೆ ಬಂದಾಗಿನಿಂದ ನೀರು ಹೊತ್ಕೊಂಡ್ ಬರ್ತಾ ಇದೀನಿ ನಾನು. ನಂಗೆ ಆ ಮಾತು ದೀಪ ಅಂತ ಕೇಳಲ್ಲರೀ. ಅವಳು ಗಂಡನ್ನ ಆಸ್ಪತ್ರೆಗೆ ಹೊತ್ಕೊಂಡ್ ಹೋಗೋಕೆ ಕರೀತಿದಾಳೆ."

ಅವತ್ತು ರಾತ್ರಿಯೇ ಹೋದೆವು. ಜೀಪು ನಾನು ಓಡಿಸಿದೆ. ಬ್ಯಾಟರಿ ಮತ್ತೆ ಕೂರಿಸಿದ್ದೆ, ಕಳ್ಳದೀಪದ ವೈರು ಮಾತ್ರ ಕತ್ತರಿಸಿದ ಹಾಗೇ ಇತ್ತು. ಆದರೂ ಜಾಲರಿಯ ಕೆಂಪು ಮುಂದಿನ ರಸ್ತೆಯ ಮೇಲೆ ಬಿದ್ದು ಏಳುತ್ತಿತ್ತು. ಬಾವಿಯ ಹತ್ತಿರ ನಿಲ್ಲಿಸಿದೆ. ಕಪ್ಪೆಗಳು ನಿಂತವು.

"ಏನೂ ಇಲ್ಲಣ್ಣ," ಅಂತ ಪಿಸುಗುಟ್ಟಿದ ದೊರೆ.

"ಬೆನ್ನು ಕೊಟ್ಟು ಕೂತ್ಕೋ."

ಕಟ್ಟೆಗೆ ಬೆನ್ನು ಮಾಡಿ ಕುಕ್ಕರುಗಾಲಲ್ಲಿ ಕೂತ. ತೊಟ್... ತೊಟ್... ಆಮೇಲೆ ಅವನ ಮಂಡಿ ಲಟಕ್ ಅಂತು. ಕತ್ತು ಮುಂದಕ್ಕೆ ಬಾಗಿತು. ಕಣ್ಣುಗುಡ್ಡೆ ಹೊರಬಂತು. ಬೆನ್ನ ಮೇಲೆ ಏನೂ ಇರಲಿಲ್ಲ, ಆದರೆ ಅಂಗಿ ಹಿಂದಿನಿಂದ ಒದ್ದೆಯಾಗುತ್ತಾ ಬಂತು, ಮೊದಲು ಹೆಗಲು, ಆಮೇಲೆ ಸೊಂಟ. ಎದ್ದ. ಸಿಮೆಂಟ್ ಮೂಟೆ ಹೊತ್ತವನ ಹಾಗೆ ಒಂದೊಂದೇ ಹೆಜ್ಜೆ... ಚಪ್... ಚಪ್... ಹಿಂದಿನ ಸೀಟಿಗೆ ಇಳಿಸಿದ. ಸೀಟಿನ ಸ್ಪ್ರಿಂಗು ಕಿರ್ರ್ ಅಂತ ಕೆಳಗೆ ಹೋಯಿತು. ಹೋದದ್ದು ಮೇಲೆ ಬರಲಿಲ್ಲ.

ನಾನು ಕನ್ನಡಿ ನೋಡಲಿಲ್ಲ. ಮೂಗಿಗೆ ಬಟ್ಟೆ ಕಟ್ಟಿದ್ದೆ. ಆದರೂ ಗಂಟಲೊಳಗೆ ಇಳಿಯುತ್ತಿತ್ತು ಆ ವಾಸನೆ. ದೊರೆ ಕಿಟಕಿಯಿಂದ ತಲೆ ಹೊರಗೆ ಹಾಕಿ ಬರೀ ಹೊಟ್ಟೆಯಲ್ಲಿ ಓಕರಿಸುತ್ತಿದ್ದ. ಎದುರಿಗೆ ಬಂದ ಗಾಡಿಗಳೆಲ್ಲ ಪಕ್ಕಕ್ಕೆ ಸರಿದು ದಾರಿ ಬಿಟ್ಟವು. ಆ ಕೆಂಪಿಗೆ ಅವತ್ತೊಂದೇ ದಿನ ನಿಜವಾಗಿ ದಾರಿ ಸಿಕ್ಕಿದ್ದು.

ಆಸ್ಪತ್ರೆಯ ರಾತ್ರಿ ಆಳು ತೂಕಡಿಸುತ್ತಾ ಸ್ಟ್ರೆಚರ್ ತಳ್ಳಿಕೊಂಡು ಬಂದ. ಖಾಲಿ ಸ್ಟ್ರೆಚರಿನ ಶಬ್ದ ನಿಮಗೆ ಗೊತ್ತಿರಬೇಕು, ಗಡಗಡ ಗಡಗಡ, ತಗಡಿನ ಡಬ್ಬಿಯ ಹಾಗೆ. ದೊರೆ ಹಿಂದಿನ ಸೀಟಿನಿಂದ ಹೊತ್ತು ಅದರ ಮೇಲಿಟ್ಟ. ಆಳು ಏನೂ ಕೇಳಲಿಲ್ಲ, ಕಣ್ಣು ಪೂರ್ತಿ ತೆರೆದೂ ಇರಲಿಲ್ಲ. ತಿರುಗಿಸಿ ತಳ್ಳಿದ. ಈಗ ಗಡಗಡ ಇಲ್ಲ. ಕೀಂ... ಕೀಂ... ಕೀಂ... ಭಾರ ಇದ್ದರೆ ಮಾತ್ರ ಬರುವ ಶಬ್ದ. ಉದ್ದನೆಯ ಓಣಿಯ ಕೊನೆವರೆಗೂ ಅದೇ ಶಬ್ದ ಹೋಯಿತು.

ಹೊರಗೆ ಬಂದು ನೋಡಿದರೆ ದೀಪ ಆರಿತ್ತು. ದೊರೆ ಮನೆಗೆ ಬಂದು ಎರಡು ತಟ್ಟೆ ಉಂಡ. ಅವನ ಉಣ್ಣುವ ಶಬ್ದ ಕೇಳಿ ನನಗೆ ಮತ್ತೆ ಹೇಸಿಗೆಯಾಯಿತು, ಅದನ್ನೂ ಹೇಳಿಬಿಡುತ್ತೇನೆ. ಬೆಳಿಗ್ಗೆ ಜಾಲರಿ ಬಿಚ್ಚಿದೆ. ನಾನೇ ಅರಗು ಸುರಿದು ಮುಚ್ಚಿದ ದೀಪ. ಅರಗು ಬಿರುಕು ಬಿಟ್ಟಿರಲಿಲ್ಲ. ಒಳಗೆ ಗಾಜಿನ ಕಂಠದವರೆಗೆ ನೀರು ನಿಂತಿತ್ತು.

ನಾನು ನಿಲ್ಲಿಸಿದೆ. ದರ್ಜಿ ಆಕಳಿಸುವುದನ್ನು ಯಾವಾಗಲೋ ಬಿಟ್ಟಿದ್ದ.

"ಗಂಡ ಹೋದ. ಮತ್ತೆ ಅವಳು?" ಅಂದ.

"ಅವಳನ್ನ ಯಾರು ಹೊತ್ತರು? ಅಲ್ಲೇ ಇರಬೇಕು."

ಸೊಸೆ ನಕ್ಕಳು. ಈ ಕಾಲದ ಹೆಣ್ಣುಮಗಳು, ಬಿಡುವವಳಲ್ಲ. "ಮಾವ, ಎಲ್ಲ ಚೆನ್ನಾಗಿತ್ತು. ಆದ್ರೆ ನಿಮಗೆ ವಾಸನೆನೇ ಬರಲ್ವಲ್ಲ. ಬೆಳಿಗ್ಗೆ ಹಾಲು ಸೀದು ಮನೆಯೆಲ್ಲ ಹೊಗೆ. ನೀವು ಒಲೆ ಪಕ್ಕದಲ್ಲೇ ಗೋಡೆ ಕಡೆ ಮುಖ ಮಾಡಿ ಬೀಡಿ ಸೇದ್ತಾ ಕೂತಿದ್ರಿ."

"ಹೌದೌದು," ಅಂದ ದರ್ಜಿ. ಅವನಿಗೆ ಜೀವ ಬಂತು. "ನಾನು ಆಚೆಮನೆಯಿಂದ ಓಡಿ ಬಂದು ಒಲೆ ಆರಿಸಿದ್ದು. ಕರೆಂಟು ಮೂಸ್ತಾರಂತೆ, ಕರೆಂಟು."

"ನಿಮ್ಮ ಮೂಗು ಸತ್ತು ಯಾವ ಕಾಲವಾಯ್ತೋ ಅಂತ ಅತ್ತೆನೇ ಹೇಳ್ತಿದ್ರು. ಹೌದೋ ಅಲ್ವೋ?"

ನಾನು ಹೆಗಲು ಹಾರಿಸಿದೆ.

"ಹೌದಮ್ಮ. ಆ ರಾತ್ರಿಯಿಂದ ಯಾವುದರ ವಾಸನೆಯೂ ಬರಲ್ಲ. ಆ ಬಾವೀದೊಂದು ಬಿಟ್ಟು."

"ಅದು ಮತ್ತೆ ಯಾವಾಗ ಬಂತು?"

"ಈಗ. ನೀನು ಮೆಟ್ಟಿಲು ಹತ್ತಿದಾಗ."

ದರ್ಜಿ ಕತ್ತಲಲ್ಲಿ ಕೈ ಆಡಿಸಿ, ಮೆಟ್ಟಿಲ ಮೇಲೆ ಅವಳು ಬಿಟ್ಟಿದ್ದ ಚಪ್ಪಲಿ ಮುಟ್ಟಿ ನೋಡಿದ. ಒಂದು ಒಣಗಿತ್ತು. ಪಿನ್ನು ಹಾಕಿದ್ದು ಒದ್ದೆ.

ಮಳೆ ಇರಲಿಲ್ಲ. ನಾನು ಒಂದಕ್ಷರ ಕೂಡಿಸಿಲ್ಲ. ಬೇಕಾದರೆ ದರ್ಜಿಯನ್ನ ಕೇಳಿ, ಅವನಿನ್ನೂ ಬದುಕಿದ್ದಾನೆ.