ನನ್ನ ಭುಜಕ್ಕೆ ಏನೂ ಆಗಿರಲಿಲ್ಲ

ವೇದಿಕೆಯ ಮೇಲಿರುವ ನಮ್ಮ ಕನ್ನಡ ಬಳಗದ ಅಧ್ಯಕ್ಷರಾದ ಅನಂತಕೃಷ್ಣ ಅವರೇ, ನನ್ನ ಬಗ್ಗೆ ಇಷ್ಟೊಂದು ಸುಳ್ಳುಗಳನ್ನು ಇಷ್ಟು ಸೊಗಸಾಗಿ ಓದಿದ ಮಾಲತಿಯವರೇ, ಸ್ವೀಡನ್ನಿನ ಈ ಲುಂಡ್ ಊರಿನ ಗಾಳಿಯಲ್ಲಿ ಸೈಕಲ್ ತುಳಿದುಕೊಂಡು ಬಂದಿರುವ ಸಭಿಕರೇ, ಹಿಂದಿನ ಸಾಲಿನಲ್ಲಿ ಆಗಲೇ ಸ್ವೀಡಿಷ್‌ನಲ್ಲಿ ಗುಸುಗುಸು ಶುರುಮಾಡಿರುವ ಮಕ್ಕಳೇ,

ಶಾಲು ಹೊದಿಸಿದಿರಿ, ಪೇಟ ತೊಡಿಸಿದಿರಿ. ‘ಇಂಗ್ಲೆಂಡಿನಲ್ಲಿ ವೃತ್ತಿಪರ ರಗ್ಬಿ ಲೀಗ್ ಆಡಿದ ನಮ್ಮ ಹೆಮ್ಮೆಯ ಸೋಮಶೇಖರ’ ಎಂದು ಮಾಲತಿಯವರು ಓದಿದಾಗ, ಯಾರಪ್ಪ ಅದು ಎಂದು ನಾನೂ ಒಮ್ಮೆ ಹಿಂದೆ ತಿರುಗಿ ನೋಡಿದೆ.

ರಗ್ಬಿ ಲೀಗ್ ಎಂದರೇನು? ಹದಿಮೂರು ಜನರ ತಂಡ. ಚೆಂಡು ಹಿಡಿದು ಮುಂದಕ್ಕೆ ಓಡಬೇಕು, ಕೈಯಿಂದ ಎಸೆಯುವುದು ಮಾತ್ರ ಹಿಂದಕ್ಕೆ. ಎದುರಾಳಿಗಳು ಆರು ಸಲ ಕೆಡವಿದರೆ ಚೆಂಡು ಅವರ ಪಾಲು. ಮಂಡ್ಯದಲ್ಲಿ ಕಬಡ್ಡಿ ಆಡಿಕೊಂಡಿದ್ದವನಿಗೆ ಇದರಲ್ಲಿ ಅರ್ಥವಾದದ್ದು ಒಂದೇ, ಕೆಡವುವುದು. ಇಲ್ಲಿನ ಪ್ರಯೋಗಾಲಯಕ್ಕೆ ಕೆಲಸಕ್ಕೆ ಬಂದವನು ಸಂಜೆ ವಿದ್ಯಾರ್ಥಿಗಳ ತಂಡ ಸೇರಿಕೊಂಡು ಕೆಡವತೊಡಗಿದೆ. ಆಟ ನೋಡಲು ಬಂದಿದ್ದ ಇಂಗ್ಲೆಂಡಿನ ತರಬೇತುದಾರರೊಬ್ಬರು, ನಿನಗೆ ಓಡಲು ಬರುವುದಿಲ್ಲ, ಚೆಂಡು ಹಿಡಿಯಲೂ ಬರುವುದಿಲ್ಲ, ಆದರೆ ನಿನ್ನ ಕೈಗೆ ಸಿಕ್ಕ ಕಾಲು ಬಿಡಿಸಿಕೊಳ್ಳುವುದಿಲ್ಲ ಎಂದರು. ಅದನ್ನು ನಾನು ಹೊಗಳಿಕೆ ಎಂದೇ ತೆಗೆದುಕೊಂಡೆ. 2007ರಲ್ಲಿ ಉತ್ತರ ಇಂಗ್ಲೆಂಡಿನ ಸಣ್ಣ ಊರಿನ ಕ್ಲಬ್ಬೊಂದು ಒಂದು ಸೀಸನ್ನಿಗೆ ಕರೆಯಿತು. ವೀಸಾ ಬರುವಷ್ಟರಲ್ಲಿ ಅರ್ಧ ಸೀಸನ್ ಮುಗಿದಿತ್ತು.

ಕೆಲಸಕ್ಕೆ ರಜೆ ಸಿಕ್ಕಿತು. ಸಂಸಾರಕ್ಕೂ ರಜೆ ಸಿಕ್ಕಿತೆಂದು ನಾನೇ ತಿಳಿದುಕೊಂಡೆ. ನನ್ನ ಹೆಂಡತಿ ರಮಾ ಒಬ್ಬಳೇ ನೌಕರಿ, ಮನೆ, ನಾಲ್ಕು ವರ್ಷದ ಮಗಳು ಲಾವಣ್ಯಾಳ ಡಾಗಿಸ್, ಅಂದರೆ ಇಲ್ಲಿನ ಶಿಶುವಿಹಾರ, ಎಲ್ಲವನ್ನೂ ನೋಡಿಕೊಂಡಳು. ನಾನು ಫೋನಿನಲ್ಲಿ ಬದಲಿ ಆಟಗಾರರ ಬೆಂಚಿನ ಮೇಲೆ ಹೇಗೆ ಕುಳಿತಿದ್ದೆನೆಂದು ವಿವರಿಸುತ್ತಿದ್ದೆ.

ನಾಲ್ಕನೆಯ ಪಂದ್ಯದಲ್ಲಿ ಒಬ್ಬನ ಮೊಣಕಾಲು ನನ್ನ ತಲೆಗೆ ಬಡಿಯಿತು. ಎದ್ದೆ. ನೆಟ್ಟಗೆ ಹೋಗಿ ಎದುರಾಳಿಗಳ ಸಾಲಿನಲ್ಲಿ ನಿಂತೆ. ಇಡೀ ಮೈದಾನ ನಕ್ಕಿತು. ನೀವೂ ನಗುತ್ತಿದ್ದೀರಿ, ನಗಿ, ನಾನೂ ನಕ್ಕಿದ್ದೆ. ಇವತ್ತು ಯಾವ ವಾರ, ಇದು ಯಾವ ಊರು, ಸ್ಕೋರ್ ಎಷ್ಟು ಎಂದು ಆಮೇಲೆ ಕ್ಲಬ್ಬಿನ ವೈದ್ಯರು ಕೇಳಿದರು. ಅವರ ಪ್ರಶ್ನೆಗಳು ಯಾವಾಗಲೂ ಅವೇ. ಉತ್ತರಗಳನ್ನು ಪಕ್ಕದವನಿಂದ ಕೇಳಿ ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. ಎಸ್ಸೆಸ್ಸೆಲ್ಸಿಯನ್ನು ನಾವೆಲ್ಲ ಪಾಸು ಮಾಡಿದ್ದು ಇನ್ನು ಹೇಗೆ? ಮುಂದಿನ ವಾರ ಮತ್ತೆ ಆಡಿದೆ. ಮತ್ತೆ ಪೆಟ್ಟು ಬಿತ್ತು, ಮತ್ತೆ ಪಾಸಾದೆ.

ಆಮೇಲೆ ಐದು ದಿನದ ಬಿಡುವಿನಲ್ಲಿ ಮನೆಗೆ ಬಂದೆ. ಮಗಳನ್ನು ಕರೆತರಲು ಡಾಗಿಸ್‌ಗೆ ಹೋದೆ. ಬಾಗಿಲಲ್ಲಿದ್ದ ಹೊಸ ಶಿಕ್ಷಕಿ, ಯಾವ ಮಗುವಿನ ತಂದೆ ನೀವು ಎಂದು ಕೇಳಿದರು. ಬಾಯಿ ತೆರೆದೆ. ಹೆಸರು ಬರಲಿಲ್ಲ.

ಅದನ್ನು ಬಾಯಿಪಾಠ ಮಾಡಿಕೊಂಡು ಹೋಗಿರಲಿಲ್ಲ ನೋಡಿ.

ಸಾಲಾಗಿ ನೇತುಹಾಕಿದ್ದ ಪುಟ್ಟ ಕೋಟುಗಳ ಮೇಲೆ ಹೆಸರು ಬರೆದಿದ್ದರು. ಒಂದೊಂದನ್ನೇ ಓದುತ್ತಾ ನಿಂತೆ. ಕೊನೆಗೆ ಮಗಳೇ ಓಡಿಬಂದು ಕಾಲು ಹಿಡಿದುಕೊಂಡಳು. ದಾರಿಯಲ್ಲಿ ಅವಳಿಗೆ ಬುಲ್ಲೆ, ಅದೇ ಸಿಹಿ ಬನ್ನು, ಕೊಡಿಸಿ, ಅಮ್ಮನಿಗೆ ಹೇಳಬೇಡ ಎಂದೆ. ನಾಲ್ಕು ವರ್ಷದ ಮಗುವಿಗೆ ಲಂಚ ಕೊಟ್ಟ ಕ್ರೀಡಾಪಟು ನಾನು. ಅವಳು ಬುಲ್ಲೆ ತಿಂದು, ಮನೆಗೆ ಹೋಗಿ, ಎಲ್ಲವನ್ನೂ ಹೇಳಿದಳು.

ಮರುದಿನ ಬೆಳಿಗ್ಗೆ ರಮಾ ನನ್ನನ್ನು ಕೇಳದೆಯೇ ಕ್ಲಬ್ಬಿನ ವೈದ್ಯರಿಗೆ ಫೋನ್ ಮಾಡಿ, ಡಾಗಿಸ್‌ನ ಸಂಗತಿ ಮಾತ್ರವಲ್ಲ, ನಾನು ಅವಳ ಹತ್ತಿರ ಜಂಬ ಕೊಚ್ಚಿಕೊಂಡಿದ್ದ ಬಾಯಿಪಾಠದ ಸಂಗತಿಯನ್ನೂ ಹೇಳಿದಳು. ಇಲ್ಲಿನ ಆಸ್ಪತ್ರೆಯಲ್ಲಿ ತಪಾಸಣೆಯಾಯಿತು. ಇನ್ನು ಆಡಕೂಡದು ಎಂದರು. ಒಟ್ಟು ಐದು ಪಂದ್ಯ, ಅಲ್ಲಿಗೆ ಮುಗಿಯಿತು ವೃತ್ತಿಜೀವನ.

ಎರಡು ತಿಂಗಳು ನಾನು ಅವಳೊಡನೆ ಮಾತು ಬಿಟ್ಟೆ. ಉಪ್ಪು ಬೇಕಾದರೂ ಮಗಳ ಮೂಲಕ ಕೇಳುತ್ತಿದ್ದೆ. ಆಟ ಬಿಟ್ಟದ್ದೇಕೆಂದು ಕೇಳಿದ ನಿಮಗೆಲ್ಲ ಭುಜದ ಗಾಯ ಎಂದೆ. ಭುಜ ಎಂದರೆ ವೀರನ ಗಾಯ, ಅಲ್ಲವೇ? ಎರಡು ವರ್ಷದಿಂದ ಅದನ್ನೇ ಹೇಳಿಕೊಂಡು ಬಂದಿದ್ದೇನೆ. ಇವತ್ತು ಮಾಲತಿಯವರು ಓದಿದ್ದೂ ಅದನ್ನೇ. ಅವರದೇನೂ ತಪ್ಪಿಲ್ಲ, ಬರೆದುಕೊಟ್ಟವನು ನಾನು. ಆದರೆ ಅವರು ಓದುತ್ತಿದ್ದಾಗ ಮೂರನೆಯ ಸಾಲಿನಲ್ಲಿ ರಮಾ ತಲೆ ತಗ್ಗಿಸಿದ್ದನ್ನು ನೋಡಿದೆ. ಬರೆದುಕೊಂಡು ಬಂದಿದ್ದ ಭಾಷಣ ಜೇಬಿನಲ್ಲೇ ಇದೆ.

ಎರಡು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ನಾನೇ ಸೋತು, ನನ್ನನ್ನು ಕೇಳದೆ ಯಾಕೆ ಫೋನ್ ಮಾಡಿದೆ ಎಂದೆ. ಅವಳು ಮಗಳಿಗೆ ಜಡೆ ಹಾಕುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

"ಕೇಳಿದ್ರೆ ಬೇಡ ಅಂತಿದ್ರಿ ಕಣ್ರೀ. ಇವತ್ತು ಇವಳ ಹೆಸರು ಮರೆತ್ರಿ, ನಾಳೆ ನೀನ್ಯಾರು ಅಂತ ನನ್ನ ಕೇಳ್ತೀರಿ. ಆಗ ನಾನು ಯಾರಿಗೆ ಫೋನ್ ಮಾಡ್ಲಿ?"

ಅವಳಿಗೆ ಚಪ್ಪಾಳೆ ತಟ್ಟಬೇಡಿ, ಇಷ್ಟವಾಗುವುದಿಲ್ಲ. ಆಗಲೇ ನನ್ನತ್ತ ಸಾಕು ಎಂದು ಸನ್ನೆ ಮಾಡುತ್ತಿದ್ದಾಳೆ. ಈ ಸಲ ಅವಳ ಮಾತು ಕೇಳುತ್ತೇನೆ. ಸನ್ಮಾನ ಮಾಡಿದ ಬಳಗಕ್ಕೆ, ಸುಳ್ಳನ್ನೂ ನಿಜವನ್ನೂ ಒಂದೇ ತಾಳ್ಮೆಯಿಂದ ಕೇಳಿದ ನಿಮಗೆ, ಫೋನ್ ಮಾಡಿದ ರಮಾಗೆ ನನ್ನ ನಮಸ್ಕಾರ.