ಹಸಿದವರನ್ನು ಕರೆದ ಬಾಗಿಲು

ಹತ್ತಿರ ಬನ್ನಿ, ಕೂತ್ಕೊಳ್ಳಿ, ಹಿಂದಿನವರಿಗೂ ಒಂಚೂರು ಜಾಗ ಬಿಡಿ. ಅಲೆ ಕೇಳಿಸೋವಷ್ಟು ಹತ್ತಿರ, ಸಮುದ್ರ ಕಾಣದಷ್ಟು ದೂರ ಒಂದು ಊರಿತ್ತು. ಹೆಸರು ಕೇಳಬೇಡಿ, ನನಗೂ ಯಾರೂ ಹೇಳಲಿಲ್ಲ. ಅಲ್ಲಿ ಯಹೂದಿಗಳ ಬೀದಿ. ಆ ಬೀದೀಲಿ ಒಂದೇ ಗೋಡೆಯ ಎರಡು ಮನೆ. ಈಚೆ ಸಿಪ್ಪೋರಾ, ಆಚೆ ಅವಳ ಓರಗಿತ್ತಿ ಮಿಲ್ಕಾ. ಇಬ್ಬರಿಗೂ ಮಾತಿಲ್ಲ. ಯಾಕೆ? ಯಾವುದೋ ಮದುವೇಲಿ ಸಿಪ್ಪೋರಾ ಮಾಡಿದ ಸಾರು ಕುಡಿದು ಮಿಲ್ಕಾ ಎಲ್ಲರೆದುರು ಮುಖ ಕಿವುಚಿದಳಂತೆ. "ಅವಳ ಮನೆ ತುತ್ತು ನನ್ನ ಗಂಟಲಲ್ಲಿ ಇಳಿಯಲ್ಲ" ಅಂದುಬಿಟ್ಟಳು ಸಿಪ್ಪೋರಾ.

ವಸಂತ ಬಂತು, ಪೆಸಾಹ ಹಬ್ಬ ಬಂತು. ಏನು ಹಬ್ಬ ಅಂತೀರಾ? ಕೇಳಿ. ಅವರ ಹಿರಿಯರು ಈಜಿಪ್ಟಿನ ರಾಜನಿಗೆ ಗುಲಾಮರಾಗಿದ್ದರು. ಬಿಡುಗಡೆ ಬಂದ ರಾತ್ರಿ ಹಿಟ್ಟು ಹುದುಗೋವರೆಗೆ ಕಾಯೋಕೆ ಪುರುಸೊತ್ತಿತ್ತಾ? ಹಸಿ ಹಿಟ್ಟನ್ನೇ ಹೆಗಲಿಗೇರಿಸಿ ಹೊರಟರು. ಅದಕ್ಕೇ ಆ ಹಬ್ಬಕ್ಕೆ ಹುದುಗದ ರೊಟ್ಟಿ. ತೇವ ತಾಗದ ಹಾಗೆ ಮೊದಲೇ ಬೀಸಿಟ್ಟ ಹಿಟ್ಟೇ ಆಗಬೇಕು. ನೀರು ಬಿತ್ತೋ, ಬೇಯೋವರೆಗೆ ಕೈ ನಿಲ್ಲಬಾರದು. ನಿಂತರೆ ಹಿಟ್ಟು ಹುದುಗೋಕೆ ಶುರು, ಆ ಮುದ್ದೆ ಹಬ್ಬಕ್ಕೆ ಸಲ್ಲದು.

ಹಬ್ಬದ ಬೆಳಿಗ್ಗೆ ಸಿಪ್ಪೋರಾ ಹಿಟ್ಟು ಕಲಸಿದಳು. ಗೋಡೆಯಾಚೆ ಲಟ್ಟಣಿಗೆ ಸದ್ದು. ಮಿಲ್ಕಾ ಎಷ್ಟು ರೊಟ್ಟಿ ಮಾಡಿದಳೋ ಅಂತ ಗೋಡೆಗೆ ಕಿವಿ ಇಟ್ಟಳು. ಕೈ ನಿಂತಿತು, ಮುದ್ದೆ ಕೆಟ್ಟಿತು, ಒಲೆಗೆ ಹಾಕಿ ಸುಟ್ಟಳು.

ಮತ್ತೆ ಕಲಸಿದಳು. ಬಾಗಿಲಿಗೆ ಮೀನಿನವಳು ಬಂದಳು. "ನಿಮ್ಮ ಓರಗಿತ್ತಿ ಜಿಪುಣಿ ಕಣ್ರಮ್ಮ!" "ಹೌದಾ? ಏನಂದಳು, ಪೂರ್ತಿ ಹೇಳು." ಕೈ ನಿಂತಿತು, ಮುದ್ದೆ ಕೆಟ್ಟಿತು, ಅದನ್ನೂ ಸುಟ್ಟಳು.

ಉಳಿದದ್ದು ತಳದ ಹಿಟ್ಟು. ಮೂರನೇ ಸಲ ಕಲಸಿದಳು. ಈಗ ಕಿವಿಯೂ ಇಲ್ಲ, ಬಾಯಿಯೂ ಇಲ್ಲ, ಬರೀ ಕೈ. ಅಷ್ಟರಲ್ಲಿ ಗೋಡೆಯಾಚೆಯಿಂದ ಕೂಗು: "ಅಯ್ಯೋ, ಸೆರಗು! ಸೆರಗಿಗೆ ಬೆಂಕಿ!"

ಮುದ್ದೆ ನೋಡಿದಳಾ? ನೋಡಿದಳು. ನಿಂತಳಾ? ನಿಲ್ಲಲಿಲ್ಲ. ಕೊಡದ ನೀರೆತ್ತಿಕೊಂಡು ಓಡಿದಳು, ಸುರಿದಳು, ಬೆಂಕಿ ಆರಿತು. ಮಿಲ್ಕಾಳ ಅಂಗೈ ಸುಟ್ಟಿತ್ತು, ಜೀವ ಉಳಿದಿತ್ತು. ಸಿಪ್ಪೋರಾ ಎಣ್ಣೆ ಸವರಿ ಬಟ್ಟೆ ಸುತ್ತಿದಳು, ಒಂದು ಮಾತೂ ಆಡದೆ ಬಂದಳು. ಮುದ್ದೆ? ಅದೂ ಕೆಟ್ಟಿತ್ತು.

ಸಂಜೆ ಗಂಡ ಎಲಿಯಾಜರ ಅಂದ, "ಬೀದೀಲಿ ಯಾರನ್ನಾದರೂ ಕೇಳೋಣ."

"ಹಬ್ಬದ ದಿನ ತಿರುಪೆಯಾ?"

ಹೊತ್ತು ಮುಳುಗಿತು. ಆ ಜನ ಹಬ್ಬದೂಟಕ್ಕೆ ಕೂರೋವಾಗ ಒಂದು ಮಾತು ಹೇಳ್ತಾರೆ. ಆ ಬೀದೀಲಿ ಬಾಗಿಲು ತೆಗೆದೇ ಹೇಳೋರು. ಮಿಲ್ಕಾ ಬಾಗಿಲು ತೆಗೆದು ಕೂಗಿದಳು: "ಹಸಿದವರೆಲ್ಲ ಬನ್ನಿ, ಉಣ್ಣಿ!"

"ಕೇಳಿಸಿತಾ?" ಅಂದ ಎಲಿಯಾಜರ.

"ಅದು ವರ್ಷವರ್ಷ ಹೇಳೋ ಮಾತು. ನಾವೂ ಹೇಳ್ತೀವಲ್ಲ."

"ನಾವು ಹೇಳೋವಾಗ ಸುಳ್ಳು ಹೇಳ್ತಿದ್ವಾ?"

ಸಿಪ್ಪೋರಾ ಖಾಲಿ ಹಿಟ್ಟಿನ ಪಾತ್ರೆ ಕವುಚಿ ಇಟ್ಟಳು.

"ನಮ್ಮ ಹಿರಿಯರು ಅಷ್ಟು ದೊಡ್ಡ ರಾಜನ್ನ ಬಿಟ್ಟು ಹೊರಟರು ಕಣೇ. ಈ ಹೊಸಿಲು ದಾಟೋಕೆ ನಿನ್ನನ್ನ ಯಾವ ರಾಜ ತಡೆದಿದ್ದಾನೆ?"

ಅವಳು ಎದ್ದಳು. ಹೊಸಿಲು ದಾಟಿದಳು. ಹೋಗಿ ಆ ಬಾಗಿಲಲ್ಲಿ ನಿಂತು, ತಲೆ ತಗ್ಗಿಸಿ, "ಅಕ್ಕ, ಹಸಿವಾಗ್ತಿದೆ" ಅಂದಳು.

ಮಿಲ್ಕಾ ನೋಡಿದಳು, ನೋಡಿದಳು, ಕಣ್ಣು ತುಂಬಿತು. "ಮದುವೆಯಾಗಿ ಬಂದಾಗಿಂದ ಕೂಗ್ತಾನೇ ಇದ್ದೀನಿ. ನಿಜವಾಗಿ ಬಂದವಳು ನೀನೇ ಮೊದಲು. ಕೂರು. ಕೈ ಸುಟ್ಟಿದೆ, ನೀನೇ ಮುರಿದು ಬಡಿಸು."

ರೊಟ್ಟಿ ಮುರಿದದ್ದು ಅಲ್ಲಿ, ಕಥೆ ಮುಗಿದದ್ದು ಇಲ್ಲಿ. ಹೇಳಿದವಳಿಗೆ ಒಂದು ಲೋಟ ನೀರು ಕೊಡಿ, ಕೇಳಿದವರ ಮನೆ ತಂಪಾಗಿರಲಿ.